ನಿಲ್ದಾಣದ ಮೇಲೆ ಮನೆಗಳು: ವಸತಿ ಮತ್ತು ಸಾರಿಗೆ ಕಟ್ಟಡದ ಸ್ಟುಡಿಯೋ ಪ್ರಾಜೆಕ್ಟನ್ನು ಮಾಡುವ ಬಗೆ

ವಾಸ್ತುಶಿಲ್ಪ ವಿದ್ಯಾರ್ಥಿಗಳ ಕೈಗೆ ಬರುವ ಪ್ರಾಜೆಕ್ಟುಗಳಲ್ಲಿ ಒಂದೇ ನಿವೇಶನದಲ್ಲಿ ವಸತಿಯನ್ನೂ ಬಸ್ಸು ಅಥವಾ ರೈಲು ನಿಲ್ದಾಣವನ್ನೂ ಕೂಡಿಸುವ ಪ್ರಾಜೆಕ್ಟು ಬಹಳ ಕಷ್ಟದ್ದು. ಕಲಿಸುವ ದೃಷ್ಟಿಯಿಂದ ನೋಡಿದರೆ ಅದರಷ್ಟು ಫಲ ಕೊಡುವುದೂ ಇನ್ನೊಂದಿಲ್ಲ. ಮನೆಯಲ್ಲಿ ಜನ ವರ್ಷಗಟ್ಟಲೆ ಬಾಳುತ್ತಾರೆ, ನಿಲ್ದಾಣವನ್ನು ನಿಮಿಷಗಳಲ್ಲಿ ದಾಟಿ ಹೋಗುತ್ತಾರೆ. ಮನೆಗೆ ಮೌನವೂ ಮರೆಯೂ ಬೇಕು, ನಿಲ್ದಾಣಕ್ಕೆ ಬೆಳಕೂ ಬಯಲೂ ಬೇಕು. ಇವೆರಡನ್ನೂ ಬೇರೆಬೇರೆಯಾಗಿ ವಿನ್ಯಾಸ ಮಾಡಿ, ಸಲ್ಲಿಕೆಗೆ ಒಂದು ವಾರ ಉಳಿದಾಗ ಒಂದರ ಮೇಲೊಂದನ್ನು ಕೂರಿಸುವವರೇ ಹೆಚ್ಚು. ಆದರೆ ಎರಡೂ ಕೂಡುವ ಜಾಗದಲ್ಲಿಯೇ, ಅಂದರೆ ಮೆಟ್ಟಿಲು, ಚಪ್ಪರ, ಕಂಬ, ಗೋಡೆ ಮತ್ತು ಬಾಗಿಲುಗಳಲ್ಲಿಯೇ ನಿಜವಾದ ಪ್ರಾಜೆಕ್ಟು ಇರುತ್ತದೆ. ಮೊದಲ ದಿನದಿಂದ ಅಲ್ಲಿಯೇ ಕೆಲಸ ಮಾಡುವುದು ಹೇಗೆ ಎಂಬುದನ್ನು ಈ ಬರಹದಲ್ಲಿ ವಿವರಿಸುತ್ತೇನೆ.

ಇದನ್ನು ನಾನು ಕಲಿತದ್ದು ಒಂದು ಜ್ಯೂರಿಯಲ್ಲಿ, ಅಂದರೆ ವಿದ್ಯಾರ್ಥಿಗಳ ಕೆಲಸವನ್ನು ಹಿರಿಯರು ಪ್ರಶ್ನೆ ಕೇಳಿ ಅಳೆಯುವ ಸಭೆಯಲ್ಲಿ. ವಿದ್ಯಾರ್ಥಿಯಾಗಿದ್ದಾಗ ನಾನು ಬಸ್ ನಿಲ್ದಾಣದ ಮೇಲೆ ಆರು ಅಂತಸ್ತಿನ ವಸತಿಯನ್ನು ಇಟ್ಟಿದ್ದೆ. ಹಾಳೆಗಳೂ ಮಾಡೆಲ್ಲೂ ಅಚ್ಚುಕಟ್ಟಾಗಿದ್ದವು. ಜ್ಯೂರಿಯಲ್ಲಿದ್ದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ರಾತ್ರಿ ಕೊನೆಯ ಬಸ್ಸಿನಿಂದ ಇಳಿದ ಹೆಣ್ಣುಮಗಳು ನಾಲ್ಕನೆಯ ಮಹಡಿಯ ತನ್ನ ಮನೆಗೆ ಯಾವ ದಾರಿಯಲ್ಲಿ ಹೋಗುತ್ತಾಳೆ, ಪ್ಲಾನಿನ ಮೇಲೆ ಬೆರಳಿಟ್ಟು ತೋರಿಸಿ." ನನ್ನ ಬೆರಳು ಎರಡು ಬಸ್ ಪಥಗಳನ್ನು ಅಡ್ಡ ದಾಟಿ, ಮುಚ್ಚಿದ ಅಂಗಡಿಗಳ ಹಿಂದಿನ ಕಿಟಕಿಯಿಲ್ಲದ ಓಣಿಯೊಂದನ್ನು ಹಿಡಿದು, ಲಿಫ್ಟಿನ ಬಾಗಿಲಿಗೆ ಬಂದು ನಿಂತಿತು. ಆ ದಾರಿಯನ್ನು ನಾನು ವಿನ್ಯಾಸ ಮಾಡಿರಲಿಲ್ಲ. ಉಳಿದದ್ದನ್ನೆಲ್ಲ ವಿನ್ಯಾಸ ಮಾಡಿದ ಮೇಲೆ ಮಿಕ್ಕ ಜಾಗ ಅದಾಗಿತ್ತು. ಆದ್ದರಿಂದ ಈ ಬೆರಳಿನ ಪರೀಕ್ಷೆಯನ್ನು ವಾರಕ್ಕೊಮ್ಮೆಯಾದರೂ ನಿಮ್ಮ ನಕ್ಷೆಯ ಮೇಲೆ ಮಾಡಿಕೊಳ್ಳಿ. ಶಾಲೆಗೆ ಹೊರಟ ಮಗು, ಗಾಲಿಕುರ್ಚಿಯಲ್ಲಿ ಬರುವವರು, ಸಾಮಾನು ಹೊತ್ತು ಬಸ್ಸಿಳಿಯುವವರು, ಎರಡನೆಯ ಪಾಳಿ ಮುಗಿಸಿ ತಡವಾಗಿ ಮರಳುವವರು, ಹೀಗೆ ಪ್ರತಿ ವಾರ ಒಬ್ಬರನ್ನು ಆರಿಸಿಕೊಂಡು ಅವರ ದಾರಿಯನ್ನು ಪೂರ್ತಿ ನಡೆದು ನೋಡಿ.

ನಿವೇಶನದಲ್ಲಿ ನಿಂತು ಎಣಿಸಿ

ನಿವೇಶನಕ್ಕೆ ಒಂದು ಬಾರಿ ಹೋಗಿ ಫೋಟೋ ತೆಗೆದುಕೊಂಡು ಬಂದರೆ ಈ ಬಗೆಯ ಪ್ರಾಜೆಕ್ಟಿಗೆ ಸಾಲದು. ಕಡಿಮೆಯೆಂದರೂ ಮೂರು ಹೊತ್ತಿನಲ್ಲಿ, ಅಂದರೆ ಬೆಳಗಿನ ಗದ್ದಲದಲ್ಲಿ, ನಡುಹಗಲಿನಲ್ಲಿ ಮತ್ತು ರಾತ್ರಿ ಕೊನೆಯ ಗಾಡಿಯ ಸಮಯದಲ್ಲಿ ಹೋಗಬೇಕು. ಒಂದು ಜಾಗದಲ್ಲಿ ನಿಂತು, ಹಾಳೆಯ ಮೇಲೆ ಕಾಲ್ಪನಿಕ ಗೆರೆಯೊಂದನ್ನು ಎಳೆದುಕೊಂಡು, ಆ ಗೆರೆಯನ್ನು ಹದಿನೈದು ನಿಮಿಷದಲ್ಲಿ ಎಷ್ಟು ಜನ ಯಾವ ಕಡೆಗೆ ದಾಟಿದರು ಎಂದು ಐದೈದರ ಗೀಟು ಹಾಕಿ ಎಣಿಸಿ. ನಾಲ್ಕರಿಂದ ಗುಣಿಸಿದರೆ ಗಂಟೆಯ ಲೆಕ್ಕ ಸಿಗುತ್ತದೆ. ಎಣಿಸುವಾಗ ಕಣ್ಣಿಗೆ ಬೀಳುವ ಬೇರೆ ಸಂಗತಿಗಳು ಎಣಿಕೆಗಿಂತ ಬೆಲೆಯುಳ್ಳವು. ಕಾಯುವವರು ಬೆಂಚನ್ನು ಬಿಟ್ಟು ಕಂಬಕ್ಕೆ ಒರಗಿ ನಿಲ್ಲುವುದು, ಬಿಸಿಲು ಸರಿದಂತೆ ಸಾಲು ಸಾಲಾಗಿ ನೆರಳಿನ ಜೊತೆಗೇ ಸರಿಯುವುದು, ಬಸ್ಸು ಬರುವ ದಿಕ್ಕು ಕಾಣದಿದ್ದರೆ ಜನ ರಸ್ತೆಗೇ ಇಳಿದು ನಿಲ್ಲುವುದು, ಇವೆಲ್ಲವೂ ನಿಮ್ಮ ಚಪ್ಪರದ ಆಳ, ಬೆಂಚಿನ ಜಾಗ ಮತ್ತು ಗೋಡೆಯ ಎತ್ತರವನ್ನು ನಿರ್ಧರಿಸುವ ಸಾಕ್ಷ್ಯಗಳು. ಇವನ್ನು ಗುರುತಿಸಿದ ಕೈಬರಹದ ಹಾಳೆಯನ್ನು ಎಸೆಯಬೇಡಿ; ಜ್ಯೂರಿಯಲ್ಲಿ ಅದನ್ನೇ ಮೊದಲನೆಯದಾಗಿ ತೂಗುಹಾಕಬಹುದು.

ಬಳಿಕ ನಿಲ್ದಾಣದ ಬಾಗಿಲಿನಿಂದ 400 ಮತ್ತು 800 ಮೀಟರಿನ ನಡಿಗೆಯ ನಕ್ಷೆಯನ್ನು ಬರೆಯಿರಿ. ಸಾಮಾನ್ಯ ನಡಿಗೆಯಲ್ಲಿ ಇವು ಸುಮಾರು ಐದು ಮತ್ತು ಹತ್ತು ನಿಮಿಷದ ದೂರಗಳು. ಕೈವಾರದಿಂದ ವೃತ್ತ ಎಳೆದರೆ ಸುಳ್ಳು ಚಿತ್ರ ಬರುತ್ತದೆ, ಏಕೆಂದರೆ ಹಳಿ, ಕಾಲುವೆ, ಉದ್ದದ ಕಾಂಪೌಂಡು ಗೋಡೆ ಇವು ನೂರು ಮೀಟರಿನ ದೂರವನ್ನು ಐನೂರಕ್ಕೆ ಏರಿಸಿಬಿಡುತ್ತವೆ. ನಿಜವಾದ ದಾರಿಗಳನ್ನು ಅಳೆದು ಬರೆದಾಗ ಒಂದು ಕಾಲುಸೇತುವೆಯೋ ಒಂದು ಗೇಟೋ ಎಷ್ಟು ಮನೆಗಳನ್ನು ನಿಲ್ದಾಣಕ್ಕೆ ಹತ್ತಿರ ತರುತ್ತದೆ ಎಂಬುದು ಕಾಣುತ್ತದೆ, ಮತ್ತು ಅಲ್ಲಿಂದಲೇ ಎಷ್ಟೋ ಬಾರಿ ಕಾನ್ಸೆಪ್ಟು ಹುಟ್ಟುತ್ತದೆ.

ಮನೆಗಳ ಲೆಕ್ಕ

ಚಿತ್ರ ಬರೆಯುವ ಮೊದಲು ಒಂದು ಪುಟದಷ್ಟು ಅಂಕಗಣಿತ ಮಾಡಿ. ಉದಾಹರಣೆಗೆ 90 ಮೀಟರ್ ಉದ್ದ, 60 ಮೀಟರ್ ಅಗಲದ ನಿವೇಶನವಿದ್ದು, ಫ್ಲೋರ್ ಏರಿಯಾ ರೇಶಿಯೋ (ನಿವೇಶನದ ಎಷ್ಟು ಪಟ್ಟು ವಿಸ್ತೀರ್ಣವನ್ನು ಎಲ್ಲ ಮಹಡಿಗಳೂ ಸೇರಿ ಕಟ್ಟಬಹುದು ಎಂಬ ಮಿತಿ) 2 ಎಂದು ಕೊಟ್ಟಿದ್ದರೆ, ಕಟ್ಟಬಹುದಾದ ಒಟ್ಟು ವಿಸ್ತೀರ್ಣ 10,800 ಚದರ ಮೀಟರ್ ಆಗುತ್ತದೆ. ನಿಲ್ದಾಣಕ್ಕೆ 2,000 ಹೋದರೆ ಉಳಿಯುವುದು 8,800. ಗೋಡೆ, ಮೆಟ್ಟಿಲು, ಲಿಫ್ಟು, ಓಣಿ ಮತ್ತು ಡಕ್ಟುಗಳು ಅದರಲ್ಲಿ ಸುಲಭವಾಗಿ ಶೇಕಡಾ 22ರಷ್ಟನ್ನು ತಿನ್ನುತ್ತವೆ. ಆಗ ಮನೆಗಳಿಗೆ ಸಿಗುವುದು ಸುಮಾರು 6,860 ಚದರ ಮೀಟರ್, ಅಂದರೆ ಸರಾಸರಿ 60 ಚದರ ಮೀಟರಿನ 114 ಮನೆಗಳು. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಎಷ್ಟು ಮಹಡಿ, ಎಷ್ಟು ಮೆಟ್ಟಿಲು, ಎಷ್ಟು ನೀರು ಎಂಬ ಮುಂದಿನ ಪ್ರಶ್ನೆಗಳೆಲ್ಲ ನೆಲಕ್ಕಿಳಿಯುತ್ತವೆ. ಎರಡನೆಯ ವಾರದೊಳಗೆ ಇದನ್ನು ಮಾಡದವರು ಎಂಟನೆಯ ವಾರದಲ್ಲಿ ಮಹಡಿಗಳನ್ನು ಸೇರಿಸುತ್ತಲೋ ಕಿತ್ತುಹಾಕುತ್ತಲೋ ಇರುವುದನ್ನು ನಾನು ಪ್ರತಿ ಬಾರಿಯೂ ನೋಡುತ್ತೇನೆ.

114 ಮನೆಗಳೂ ಒಂದೇ ಬಗೆಯವಾಗಬೇಕಿಲ್ಲ, 114 ಬಗೆಯವಂತೂ ಆಗಲೇಬಾರದು. ಮೂರು ಅಥವಾ ನಾಲ್ಕು ಮಾದರಿಗಳು ಸಾಕು; ಅವುಗಳಲ್ಲಿ ಒಂದನ್ನು 1:50ರ ಅಳತೆಯಲ್ಲಿ (ನಿಜದ ಐವತ್ತರಲ್ಲೊಂದು ಪಾಲಿನಷ್ಟು) ಮಂಚ, ಕಪಾಟು, ಬಟ್ಟೆ ಒಣಗಿಸುವ ತಂತಿ, ಚಪ್ಪಲಿ ಬಿಡುವ ಜಾಗದ ಸಮೇತ ಪೂರ್ತಿ ಬರೆಯಿರಿ. ಮನೆ ಕಾಲಕ್ಕೆ ತಕ್ಕಂತೆ ಬೆಳೆಯುವ ಬಗೆಯನ್ನು ತಿಳಿಯಲು ಎರಡು ಕೃತಿಗಳನ್ನು ನಕ್ಷೆ ಬಿಡಿಸಿ ಅಭ್ಯಾಸ ಮಾಡಬೇಕು. ಬಾಲಕೃಷ್ಣ ದೋಶಿಯವರು ಇಂದೋರಿನಲ್ಲಿ ರೂಪಿಸಿದ ಅರಣ್ಯ ವಸತಿಯಲ್ಲಿ ಸುಮಾರು 6,500 ನಿವೇಶನಗಳಿದ್ದು, ಬಡ ಕುಟುಂಬಗಳಿಗೆ ಅಡಿಪಾಯವನ್ನೂ ನೀರು ಮತ್ತು ಶೌಚದ ವ್ಯವಸ್ಥೆಯನ್ನೂ ಕೊಟ್ಟು, ಮುಂದಿನದನ್ನು ಅವರೇ ಅನುಕೂಲವಾದಾಗ ಕಟ್ಟಿಕೊಳ್ಳುವಂತೆ ಬಿಡಲಾಯಿತು. ಚಿಲಿ ದೇಶದ ಇಕೀಕೆ ನಗರದಲ್ಲಿ ಅಲೆಹಾಂದ್ರೊ ಅರವೆನಾ ಮತ್ತು ಅವರ ಎಲೆಮೆಂಟಲ್ ತಂಡ 2004ರಲ್ಲಿ ಮುಗಿಸಿದ ಕಿಂತಾ ಮೊನ್ರೊಯ್ ವಸತಿಯಲ್ಲಿ ಪ್ರತಿ ಮನೆಯ ಅರ್ಧವನ್ನು ಮಾತ್ರ ಕಟ್ಟಿ, ಪಕ್ಕದಲ್ಲಿ ಅಷ್ಟೇ ಜಾಗವನ್ನು ಖಾಲಿ ಬಿಡಲಾಗಿದೆ. ಎರಡರಲ್ಲಿಯೂ ನೋಡಬೇಕಾದದ್ದು ಒಂದೇ: ಜನರು ತಾವಾಗಿ ಕಟ್ಟಲು ಕಷ್ಟವಾದದ್ದನ್ನು ವಾಸ್ತುಶಿಲ್ಪಿ ಮೊದಲು ಕೊಟ್ಟಿದ್ದಾರೆ. ನಿಲ್ದಾಣದ ಮೇಲಿನ ಮನೆಗಳಲ್ಲಿ ಹೊರಗೆ ಬೆಳೆಯಲು ಜಾಗವಿರುವುದಿಲ್ಲ, ಆದ್ದರಿಂದ ಒಳಗೇ ಬೆಳೆಯುವ ದಾರಿಯನ್ನು, ಅಂದರೆ ಎತ್ತರದ ಕೋಣೆಯಲ್ಲಿ ಮುಂದೆ ಹಾಕಿಕೊಳ್ಳಬಹುದಾದ ಅಟ್ಟವನ್ನೋ ಮುಚ್ಚಿಕೊಳ್ಳಬಹುದಾದ ಬಾಲ್ಕನಿಯನ್ನೋ ಯೋಚಿಸಿ.

ಪ್ಲಾನಿಗಿಂತ ಮೊದಲು ಸೆಕ್ಷನ್

ಈ ಬಗೆಯ ಪ್ರಾಜೆಕ್ಟಿನ ಬಹುಪಾಲು ನಿರ್ಧಾರಗಳು ಸೆಕ್ಷನ್ನಿನಲ್ಲಿ, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ಒಳಗನ್ನು ತೋರಿಸುವ ನಕ್ಷೆಯಲ್ಲಿ ಆಗುತ್ತವೆ. ಹಳಿಯಿಂದ ಅಥವಾ ಬಸ್ ಪಥದಿಂದ ಆರಂಭವಾಗಿ, ಪ್ಲಾಟ್‌ಫಾರಂ, ಕಾಯುವ ಜಾಗ, ಅಂಗಳ, ಮೆಟ್ಟಿಲುಗಳನ್ನು ದಾಟಿ, ಮಲಗುವ ಕೋಣೆಯ ಕಿಟಕಿಯವರೆಗೆ ಹೋಗುವ ಒಂದು ಸೆಕ್ಷನ್ನನ್ನು ಮೊದಲ ತಿಂಗಳಿನಲ್ಲಿಯೇ ಟ್ರೇಸಿಂಗ್ ಕಾಗದದ ಮೇಲೆ ಹತ್ತಾರು ಬಾರಿ ಬರೆಯಿರಿ.

ಲಂಡನ್ನಿನ ಅಲೆಕ್ಸಾಂಡ್ರಾ ರೋಡ್ ವಸತಿ ಇದಕ್ಕೆ ಒಳ್ಳೆಯ ಪಾಠ. ನೀವ್ ಬ್ರೌನ್ ವಿನ್ಯಾಸ ಮಾಡಿ 1978ರಲ್ಲಿ ಮುಗಿದ ಈ ವಸತಿ, ದಿನವಿಡೀ ರೈಲು ಓಡುವ ಮುಖ್ಯ ಹಳಿಗಳಿಗೆ ಒತ್ತಿಕೊಂಡಿದೆ. ಹಳಿಯ ಬದಿಯ ಎತ್ತರದ ಸಾಲು ಹಳಿಗೆ ಬೆನ್ನು ಕೊಟ್ಟು ನಿಂತು, ಇಡೀ ವಸತಿಗೆ ಸದ್ದಿನ ಗೋಡೆಯಾಗಿದೆ. ಅದರ ಇನ್ನೊಂದು ಮುಖ ಮೆಟ್ಟಿಲುಮೆಟ್ಟಿಲಾಗಿ ಇಳಿದು, ವಾಹನಗಳಿಲ್ಲದ ಬೀದಿಯ ಕಡೆಗೆ ಪ್ರತಿ ಮನೆಗೂ ಬಿಸಿಲು ಬೀಳುವ ತಾರಸಿಯನ್ನು ಕೊಟ್ಟಿದೆ. ನೆಲದ ಮೂಲಕ ಬರುವ ಕಂಪನ ಮನೆಗಳಿಗೆ ಏರದಂತೆ ರಬ್ಬರ್ ದಿಂಡುಗಳ ಮೇಲೆ ಕಟ್ಟಡವನ್ನು ಕೂರಿಸಲಾಗಿದೆ. ಸದ್ದು, ಕಂಪನ, ಬಿಸಿಲು, ಬೀದಿ ಎಂಬ ನಾಲ್ಕು ಪ್ರಶ್ನೆಗಳಿಗೂ ಒಂದೇ ಸೆಕ್ಷನ್ನಿನಲ್ಲಿ ಉತ್ತರ ಸಿಕ್ಕಿದೆ. ಆ ಸೆಕ್ಷನ್ನನ್ನು ನಿಮ್ಮ ಕೈಯಿಂದ ಒಮ್ಮೆ ಬರೆದು ನೋಡಿ. ಪರದೆಯ ಮೇಲೆ ನೋಡಿದರೆ ಬಾರದ ತಿಳಿವಳಿಕೆ ಬರೆಯುವಾಗ ಬರುತ್ತದೆ.

ಇದನ್ನು ನಿಮ್ಮ ಪ್ರಾಜೆಕ್ಟಿಗೆ ತರುವಾಗ ಅಡುಗೆಮನೆ, ಬಚ್ಚಲು, ಮೆಟ್ಟಿಲು, ಓಣಿಗಳನ್ನು ಹಳಿಯ ಕಡೆಗೂ ಮಲಗುವ ಕೋಣೆಗಳನ್ನು ಇನ್ನೊಂದು ಕಡೆಗೂ ಇಡಿ. ಸಾಲಾಗಿ ವಾಹನಗಳು ಹೋಗುವ ರಸ್ತೆಯಿಂದ ದೂರ ಇಮ್ಮಡಿಯಾದರೆ ಸದ್ದು ಸುಮಾರು 3 ಡೆಸಿಬೆಲ್ ಮಾತ್ರ ಇಳಿಯುತ್ತದೆ, ಅದು ಕಿವಿಗೆ ತಿಳಿದೂ ತಿಳಿಯದಷ್ಟು ವ್ಯತ್ಯಾಸ. ಆದ್ದರಿಂದ ಕಟ್ಟಡವನ್ನು ಹತ್ತು ಮೀಟರ್ ಹಿಂದಕ್ಕೆ ಸರಿಸಿ ಸದ್ದನ್ನು ಪರಿಹರಿಸಿದೆ ಎಂದು ಹೇಳುವುದು ಸರಿಯಾಗುವುದಿಲ್ಲ. ಸದ್ದಿನ ಮೂಲಕ್ಕೂ ಕಿಟಕಿಗೂ ನಡುವೆ ಗಟ್ಟಿಯಾದದ್ದೊಂದು ಅಡ್ಡ ಬರಬೇಕು.

ಸೆಕ್ಷನ್ನಿನಲ್ಲಿಯೇ ಎದುರಾಗುವ ಇನ್ನೊಂದು ಸಮಸ್ಯೆ ಕಂಬಗಳದು. ಮನೆಗಳಿಗೆ ಕಿರಿದಾದ ಅಂತರದ ಗೋಡೆಗಳು ಬೇಕು, ಬಸ್ಸುಗಳಿಗೆ ಅಗಲವಾದ ಬಯಲು ಬೇಕು. ಎರಡೂ ಹೊಂದದಿದ್ದಾಗ ನಡುವೆ ಒಂದು ಆಳೆತ್ತರದ ತೊಲೆಗಳ ಮಹಡಿಯನ್ನು ಹಾಕಿ ಭಾರವನ್ನು ತಿರುಗಿಸಬೇಕಾಗುತ್ತದೆ, ಮತ್ತು ಅಲ್ಲಿ ಸುರಿಯುವ ಕಾಂಕ್ರೀಟು ಕಟ್ಟಡದ ಇಂಗಾಲದ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇಕಡಾ 8 ಇರುವಾಗ, ಕಂಬಗಳನ್ನು ನೇರವಾಗಿ ನೆಲಕ್ಕಿಳಿಸುವುದೇ ಈ ಪ್ರಾಜೆಕ್ಟಿನಲ್ಲಿ ನೀವು ಮಾಡಬಹುದಾದ ಅತಿ ದೊಡ್ಡ ಪರಿಸರದ ಕೆಲಸ ಎಂದು ನಾನು ನಂಬಿದ್ದೇನೆ. ಚಾವಣಿಯ ಮೇಲಿನ ಹುಲ್ಲು ಆಮೇಲಿನ ಮಾತು.

ಹೊಂದಿಸುವ ಲೆಕ್ಕ ಹೀಗೆ ಸಾಗುತ್ತದೆ. ಕೋಣೆಯ ಅಗಲ 3.6 ಮೀಟರ್ ಎಂದು ಹಿಡಿದರೆ ಎರಡು ಕೋಣೆಗೆ ಒಂದು ಕಂಬದಂತೆ 7.2 ಮೀಟರಿನ ಅಂತರ ಬರುತ್ತದೆ. ಕೆಳಗೆ ಕಂಬದ ದಪ್ಪ 0.6 ಮೀಟರ್ ಆದರೆ ನಡುವೆ ಉಳಿಯುವುದು 6.6, ತಲಾ 3.5 ಮೀಟರಿನ ಎರಡು ಬಸ್ ಪಥಗಳಿಗೆ 7 ಮೀಟರ್ ಬೇಕಾಗಿರುವುದರಿಂದ ಇದು ಸಾಲದು. ಕೋಣೆಯ ಅಗಲವನ್ನು 3.9ಕ್ಕೆ ಏರಿಸಿದರೆ ಅಂತರ 7.8 ಆಗಿ, ಕಂಬ ಕಳೆದು 7.2 ಮೀಟರ್ ಉಳಿಯುತ್ತದೆ, ಎರಡು ಪಥಗಳು ಸಲೀಸಾಗಿ ಕೂರುತ್ತವೆ. ಮನೆಗೆ ಕೊಟ್ಟ ಮೂವತ್ತು ಸೆಂಟಿಮೀಟರಿನಿಂದ ಒಂದು ಇಡೀ ತೊಲೆಮಹಡಿ ಉಳಿಯಿತು. ಆದರೆ ಬಸ್ಸು ತಿರುಗುವ ಜಾಗವನ್ನು ಕಂಬಗಳ ನಡುವೆ ತರಬೇಡಿ. 12 ಮೀಟರ್ ಉದ್ದದ ಬಸ್ಸು ತಿರುಗುವಾಗ ಅದರ ಹೊರ ಮೂಲೆಗೆ ಸುಮಾರು 12.5 ಮೀಟರ್ ತ್ರಿಜ್ಯ ಬೇಕು. ಆ ತಿರುವು ಕಟ್ಟಡದ ಹೊರಗೆ, ಬಯಲಿನಲ್ಲಿ ಇರಲಿ. ರಟ್ಟಿನಲ್ಲಿ ಬಸ್ಸಿನ ಆಕಾರವನ್ನು ಅಳತೆಗೆ ಕತ್ತರಿಸಿ ಪ್ಲಾನಿನ ಮೇಲೆ ಕೈಯಿಂದ ಓಡಿಸಿ ನೋಡಿದರೆ ತಪ್ಪು ಕೂಡಲೇ ಗೊತ್ತಾಗುತ್ತದೆ.

ಜನರ ಹರಿವು

ಮೆಟ್ಟಿಲಿನ ಅಗಲವನ್ನು ಅಂದಾಜಿನಿಂದ ಇಡಬೇಡಿ. ರೈಲು ನಿಲ್ದಾಣಗಳ ಅಗ್ನಿಸುರಕ್ಷೆಗೆ ಹಲವು ದೇಶಗಳಲ್ಲಿ ಅನುಸರಿಸುವ ಎನ್‌ಎಫ್‌ಪಿಎ 130 ಎಂಬ ಮಾನದಂಡದ ಪ್ರಕಾರ, ತುಂಬಿದ ಪ್ಲಾಟ್‌ಫಾರಂ 4 ನಿಮಿಷದೊಳಗೆ ಖಾಲಿಯಾಗಬೇಕು, ಮತ್ತು ಅತಿ ದೂರದಲ್ಲಿರುವವರೂ 6 ನಿಮಿಷದೊಳಗೆ ಸುರಕ್ಷಿತ ಜಾಗವನ್ನು ಮುಟ್ಟಬೇಕು. ಅದೇ ಮಾನದಂಡದಲ್ಲಿ ಒಂದು ಮೀಟರ್ ಅಗಲದ ಮೆಟ್ಟಿಲಿನಲ್ಲಿ ನಿಮಿಷಕ್ಕೆ ಸುಮಾರು 55 ಜನ ಸಾಗುತ್ತಾರೆ ಎಂದು ಲೆಕ್ಕ. ಪ್ಲಾಟ್‌ಫಾರಂ ಮೇಲೆ 800 ಜನರಿದ್ದರೆ ನಿಮಿಷಕ್ಕೆ 200 ಜನ ಹೊರಬರಬೇಕು. ಅದಕ್ಕೆ ಒಟ್ಟು 3.6 ಮೀಟರಿಗಿಂತ ತುಸು ಹೆಚ್ಚು ಅಗಲದ ಮೆಟ್ಟಿಲು ಬೇಕು. ಇದನ್ನು ಎರಡು ಮೀಟರಿನ ಎರಡು ಮೆಟ್ಟಿಲುಗಳಾಗಿ ಒಡೆದು ಪ್ಲಾಟ್‌ಫಾರಂನ ಎರಡು ತುದಿಗಳ ಕಡೆಗೆ ಇಟ್ಟರೆ ಯಾರೂ ಒಂದೇ ಕಡೆಗೆ ಮುಗಿಬೀಳುವುದಿಲ್ಲ. ಎಸ್ಕಲೇಟರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಾಗ ಒಂದು ಕೆಟ್ಟು ನಿಂತಿದೆ ಎಂದೇ ಭಾವಿಸಿ. ಮನೆಗಳಿಂದ ಇಳಿಯುವ ಮೆಟ್ಟಿಲುಗಳು ಬಸ್ ನಿಲ್ಲುವ ಜಾಗಕ್ಕೆ ತೆರೆದುಕೊಳ್ಳಬಾರದು. ಬೆಂಕಿಯ ಹೊತ್ತಿನಲ್ಲಿ ಎರಡು ಗುಂಪುಗಳೂ ಒಂದೇ ಬಾಗಿಲಿಗೆ ಬಂದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಇಳಿಜಾರಿಗೆ 1:12ಕ್ಕಿಂತ (12 ಮೀಟರ್ ಉದ್ದಕ್ಕೆ 1 ಮೀಟರ್ ಏರು) ಕಡಿದಾದದ್ದು ಬೇಡ, ಗಾಲಿಕುರ್ಚಿ ತಿರುಗಲು 1.5 ಮೀಟರಿನ ವೃತ್ತ ಬೇಕು. ದೃಷ್ಟಿದೋಷವುಳ್ಳವರಿಗೆ ಕಾಲಿನಿಂದಲೇ ದಾರಿ ತಿಳಿಸುವ ಉಬ್ಬುಗೀರಿನ ನೆಲಹಾಸನ್ನು ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಬೀದಿಯಲ್ಲಿ ಅದನ್ನು ಮೊದಲು ಹಾಸಲಾಯಿತು. ವಿದ್ಯಾರ್ಥಿಗಳು ಅದನ್ನು ಪ್ಲಾಟ್‌ಫಾರಂನ ಅಂಚಿಗೆ ಹಳದಿ ಗೆರೆಯಾಗಿ ಎಳೆದು ಸುಮ್ಮನಾಗುತ್ತಾರೆ. ಬೀದಿಯಿಂದ ಟಿಕೆಟ್ ಕಿಟಕಿಗೆ, ಅಲ್ಲಿಂದ ಲಿಫ್ಟಿಗೆ, ಅಲ್ಲಿಂದ ಬಸ್ಸಿನ ಬಾಗಿಲಿಗೆ ಎಲ್ಲಿಯೂ ಕಡಿಯದಂತೆ ಅದು ಹರಿಯಬೇಕು. ಬ್ರೆಜಿಲ್ ದೇಶದ ಕುರಿಚೀಬಾ ನಗರದ ಕೊಳವೆಯಾಕಾರದ ಬಸ್ ನಿಲ್ದಾಣಗಳನ್ನು ಇಲ್ಲಿ ನೆನೆಯಬೇಕು. 1991ರಿಂದ ಅಲ್ಲಿ ಜನ ಹಣವನ್ನು ನಿಲ್ದಾಣದ ಬಾಗಿಲಿನಲ್ಲಿಯೇ ಕೊಟ್ಟು, ಬಸ್ಸಿನ ನೆಲದ ಮಟ್ಟಕ್ಕೇ ಏರಿಸಿದ ಕಟ್ಟೆಯಿಂದ ನೇರ ಒಳಗೆ ನಡೆಯುತ್ತಾರೆ. ಒಂದು ಮೆಟ್ಟಿಲನ್ನು ಬಸ್ಸಿನಿಂದ ಕಟ್ಟಡಕ್ಕೆ ಸ್ಥಳಾಂತರಿಸಿದ್ದರಿಂದ ಬಸ್ಸು ನಿಲ್ಲುವ ಸಮಯವೇ ಕಡಿಮೆಯಾಯಿತು. ಸೈಕಲ್ಲುಗಳಿಗೆ ಜಾಗ ಕೊಡುವಾಗ ಮೂಲೆಯಲ್ಲಿ ಹತ್ತು ಸ್ಟ್ಯಾಂಡು ಇಟ್ಟು ಕೈತೊಳೆದುಕೊಳ್ಳಬೇಡಿ. ನೆದರ್ಲೆಂಡ್ಸಿನ ಉಟ್ರೆಕ್ಟ್ ನಿಲ್ದಾಣದಲ್ಲಿ 2019ರಲ್ಲಿ ಪೂರ್ತಿಗೊಂಡ ಸೈಕಲ್ ನಿಲುಗಡೆಯಲ್ಲಿ 12,500 ಸೈಕಲ್ಲುಗಳು ಹಿಡಿಸುತ್ತವೆ, ಮತ್ತು ಸವಾರರು ಇಳಿಯದೆಯೇ ಮಹಡಿಯಿಂದ ಮಹಡಿಗೆ ತುಳಿದುಕೊಂಡು ಹೋಗುತ್ತಾರೆ.

ಬಿಸಿಲು, ಗಾಳಿ, ನೀರು

ಸುಸ್ಥಿರತೆ ಎಂಬ ಮಾತನ್ನು ಹಾಳೆಯ ಮೇಲೆ ಹಸಿರು ಬಾಣಗಳಿಂದ ತೋರಿಸುವ ರೂಢಿಯಿದೆ. ಬಾಣದ ಬದಲು ಸಂಖ್ಯೆ ಬರೆಯಿರಿ. ಕಿಟಕಿಗೆ ನೇರ ಎದುರಿನಿಂದ ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದಾಗ, 1.2 ಮೀಟರ್ ಎತ್ತರದ ಕಿಟಕಿಗೆ ಪೂರ್ತಿ ನೆರಳು ಬೇಕಾದರೆ ಅದರ ತಲೆಯ ಮೇಲಿನ ಚಜ್ಜಾ ಸುಮಾರು 70 ಸೆಂಟಿಮೀಟರ್ ಚಾಚಬೇಕು. ಪಶ್ಚಿಮದ ಇಳಿಬಿಸಿಲನ್ನು ಚಜ್ಜಾ ತಡೆಯಲಾರದು, ಅಲ್ಲಿ ನಿಂತ ಪಟ್ಟಿಗಳೋ ಜಾಲರಿಯೋ ಬೇಕು. ಒಂದೇ ಬದಿಗೆ ಕಿಟಕಿಯಿರುವ ಕೋಣೆಯಲ್ಲಿ ಹಗಲು ಬೆಳಕು ಕಿಟಕಿಯ ಮೇಲಂಚಿನ ಎತ್ತರದ ಎರಡೂವರೆ ಪಟ್ಟಿನಷ್ಟು ಮಾತ್ರ ಒಳಬರುತ್ತದೆ, ಮೇಲಂಚು 2.1 ಮೀಟರ್ ಆದರೆ ಐದು ಮೀಟರಿನ ಆಚೆ ಕತ್ತಲೆಯೇ. ಹೀಗಾಗಿ ನಡುವೆ ಓಣಿ, ಎರಡೂ ಬದಿಗೆ ಮನೆ ಎಂಬ ದಪ್ಪ ಕಟ್ಟಡಕ್ಕಿಂತ ಎರಡು ಮುಖಗಳ ತೆಳು ಕಟ್ಟಡ ಒಳ್ಳೆಯದು, ಲಿಫ್ಟು ಒಂದು ಹೆಚ್ಚಾದರೂ ಸರಿ.

ಸೌರಫಲಕಗಳಿಗೂ ಇದೇ ಮಾತು. 2014ರಲ್ಲಿ ಹೊಸದಾಗಿ ತೆರೆದ ರಾಟರ್‌ಡ್ಯಾಮ್ ಕೇಂದ್ರ ನಿಲ್ದಾಣದಲ್ಲಿ ಪ್ಲಾಟ್‌ಫಾರಂಗಳ ಮೇಲಿನ ಗಾಜಿನ ಚಾವಣಿಯಲ್ಲಿ ಸುಮಾರು 10,000 ಚದರ ಮೀಟರಿನಷ್ಟು ಸೌರಕೋಶಗಳಿವೆ. ಸುತ್ತಲಿನ ಎತ್ತರದ ಕಟ್ಟಡಗಳ ನೆರಳನ್ನು ಲೆಕ್ಕ ಹಾಕಿ, ಬಿಸಿಲು ಹೆಚ್ಚು ಬೀಳುವಲ್ಲಿ ಅವನ್ನು ಕೂರಿಸಿದ್ದಾರೆ. ನಿಮ್ಮ ವಸತಿಯೇ ನಿಮ್ಮ ನಿಲ್ದಾಣದ ಚಾವಣಿಗೆ ನೆರಳು ಬೀಳಿಸುತ್ತಿದೆಯೇ ಎಂದು ಮಾಡೆಲ್ಲನ್ನು ದೀಪದ ಕೆಳಗಿಟ್ಟು ನೋಡಿ.

ಮಳೆನೀರಿನ ಲೆಕ್ಕ ಸರಳ, ಆದರೆ ಕಣ್ಣು ತೆರೆಸುವಂಥದ್ದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 2,000 ಚದರ ಮೀಟರಿನ ಚಾವಣಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ, ಅದರಲ್ಲಿ ಶೇಕಡಾ 80 ಕೈಗೆ ಸಿಕ್ಕರೆ 12,80,000 ಲೀಟರ್ ಆಗುತ್ತದೆ. ಹಾಳೆಯ ಮೇಲೆ ಅದು ದೊಡ್ಡದಾಗಿ ಕಾಣುತ್ತದೆ. 114 ಮನೆಗಳ ಸುಮಾರು 456 ಜನರಿಗೆ ಹಂಚಿದರೆ ದಿನಕ್ಕೆ ತಲಾ 8 ಲೀಟರೂ ಬಾರದು. ಆದ್ದರಿಂದ ಮಳೆನೀರಿನಿಂದ ವಸತಿಯೆಲ್ಲ ನಡೆಯುತ್ತದೆ ಎನ್ನುವ ಬದಲು, ಆ ನೀರು ನಿಲ್ದಾಣದ ನೆಲ ತೊಳೆಯಲು ಮತ್ತು ಶೌಚಾಲಯಕ್ಕೆ ಬಳಕೆಯಾಗುತ್ತದೆ ಎಂದು ಬರೆದು, ತೊಟ್ಟಿಯ ಜಾಗವನ್ನು ಸೆಕ್ಷನ್ನಿನಲ್ಲಿ ತೋರಿಸಿ. ಜ್ಯೂರಿ ಅಂಥ ಮಾತನ್ನು ನಂಬುತ್ತದೆ.

ಸಲ್ಲಿಕೆಯ ಹೊತ್ತಿಗೆ

ಕೊನೆಯ ಎರಡು ವಾರಗಳಲ್ಲಿ ವಿನ್ಯಾಸವನ್ನು ಬದಲಿಸಬೇಡಿ, ಬರೆಯುವುದನ್ನು ಮಾತ್ರ ಮಾಡಿ. ಎಲ್ಲ ಹಾಳೆಗಳ ನಡುವೆ ಹಳಿಯಿಂದ ಕಿಟಕಿಯವರೆಗಿನ ಆ ಸೆಕ್ಷನ್ನನ್ನು 1:50ರಲ್ಲಿ ದೊಡ್ಡದಾಗಿ ಇಡಿ. ಅದರಲ್ಲಿ ಮನುಷ್ಯರಿರಲಿ, ಅವರು ಏನನ್ನಾದರೂ ಮಾಡುತ್ತಿರಲಿ. ರೆಂಡರ್, ಅಂದರೆ ಕಟ್ಟಡ ನಿಜವಾಗಿ ಹೇಗೆ ಕಾಣುತ್ತದೆ ಎಂದು ತೋರಿಸುವ ಚಿತ್ರ ಒಂದೆರಡು ಸಾಕು, ಅವುಗಳಲ್ಲಿ ಒಂದು ರಾತ್ರಿಯದಾಗಿರಲಿ, ಏಕೆಂದರೆ ನಿಲ್ದಾಣದ ಮೇಲಿನ ಮನೆ ಚೆನ್ನಾಗಿದೆಯೋ ಇಲ್ಲವೋ ಎಂಬುದು ರಾತ್ರಿಯೇ ತಿಳಿಯುತ್ತದೆ. ಮಾಡೆಲ್ಲನ್ನು ಸೆಕ್ಷನ್ನಿನ ಗೆರೆಯಲ್ಲಿ ಎರಡಾಗಿ ತೆರೆಯುವಂತೆ ಮಾಡಿದರೆ ನೋಡುವವರು ತಾವಾಗಿಯೇ ಬಾಗಿ ಒಳಗೆ ಇಣುಕುತ್ತಾರೆ. ಮಾತನ್ನು ನಿವೇಶನದ ಇತಿಹಾಸದಿಂದ ಆರಂಭಿಸದೆ, ನೀವು ಎಣಿಸಿದ ಜನರಲ್ಲಿ ಒಬ್ಬರನ್ನು ಹಿಡಿದು, ಅವರು ಬಸ್ಸಿಳಿದಲ್ಲಿಂದ ಮನೆಯ ಬಾಗಿಲು ತೆರೆಯುವವರೆಗೆ ಬೆರಳಿನಿಂದ ತೋರಿಸುತ್ತ ಹೋಗಿ. ಬೆರಳು ತಡೆದ ಕಡೆ ಮುಚ್ಚಿಡಬೇಡಿ, ಅಲ್ಲಿ ಏನು ಮಾಡಲು ಹೊರಟಿದ್ದೀರಿ, ಏನು ಉಳಿದಿದೆ ಎಂದು ಹೇಳಿ. ಜ್ಯೂರಿ ಕೇಳಿದ ಪ್ರಶ್ನೆಗಳನ್ನು ಗೆಳೆಯರೊಬ್ಬರಿಗೆ ಬರೆದುಕೊಳ್ಳಲು ಹೇಳಿರಿ, ಮತ್ತು ಹಾಳೆಗಳನ್ನು ಸುತ್ತಿಡುವ ಮೊದಲು, ಅದೇ ವಾರದಲ್ಲಿ, ಆ ಸೆಕ್ಷನ್ನನ್ನು ಇನ್ನೊಂದು ಬಾರಿ ಬರೆಯಿರಿ.